ಡಬ್ಬಿ ನೀವೇ ತರಬೇಕಾದ ವಿಸ್ಕಿ ಅಂಗಡಿ

ನಾನು ಈ ಜನ್ಮದಲ್ಲಿ ವಿಸ್ಕಿ ಕುಡಿದವನಲ್ಲ. ವಿಸ್ಕಿ ಅಂಗಡಿ ತೆರೆಯುವುದಕ್ಕೆ ಇದೊಂದು ಅಡ್ಡಿ ಎಂದು ನನಗೆ ಯಾವ ಹಂತದಲ್ಲೂ ಅನ್ನಿಸಲಿಲ್ಲ. ಚಪ್ಪಲಿ ಅಂಗಡಿಯವನು ಎಲ್ಲ ಅಳತೆಯ ಚಪ್ಪಲಿಯನ್ನೂ ಮೆಟ್ಟಿ ನೋಡಿರುತ್ತಾನೆಯೇ?

ಆಗ ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ಪಿನ ವರ್ಷ. ನಾನು ಮತ್ತು ನನ್ನ ಹೆಂಡತಿ ಸುಮಾ ಅಲ್ ವುಕೈರ್‌ನ ಒಂದು ಫ್ಲಾಟಿನಲ್ಲಿದ್ದೆವು. ನಾನೊಂದು ಗುತ್ತಿಗೆ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಕ್ರೀಡಾಂಗಣದ ಸುತ್ತಲಿನ ರಸ್ತೆ, ಚರಂಡಿಗಳ ನಕ್ಷೆ ಬಂದರೆ ನಂಬರು ಹಾಕುವುದು, ತಿದ್ದಿದ ನಕ್ಷೆ ಬಂದರೆ ಹಳೆಯದರ ಮೇಲೆ ‘ರದ್ದು’ ಎಂಬ ಮುದ್ರೆ ಒತ್ತುವುದು ನನ್ನ ಕೆಲಸ. ಒಂದು ಚರಂಡಿಯನ್ನೂ ನಾನು ಕಣ್ಣಾರೆ ನೋಡಿಲ್ಲ. ಆದರೆ ಯಾವ ಚರಂಡಿ ಎಷ್ಟು ಸಲ ದಾರಿ ಬದಲಿಸಿತು ಎಂದು ನಿದ್ದೆಯಲ್ಲೂ ಹೇಳಬಲ್ಲೆ.

ಕಪ್ ಮುಗಿದರೆ ಕೆಲಸ ಖಲಾಸ್ ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ಮಾತಾಡುತ್ತಿದ್ದರು. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಫ್ಲಾಟು ಹೋಗುತ್ತದೆ. ನಲವತ್ತೇಳನೆಯ ವಯಸ್ಸಿನಲ್ಲಿ ಮೈಸೂರಿಗೆ ಹಿಂತಿರುಗಿ ಯಾರ ಚರಂಡಿಗೆ ನಂಬರು ಹಾಕುವುದು?

ಆ ಹೊತ್ತಿಗೆ ಸರಿಯಾಗಿ ಗ್ಲಾಸ್ಗೋದಿಂದ ಶಶಿ ಫೋನು ಮಾಡಿದ. ಶಶಿ ನನ್ನ ಕಾಲೇಜಿನ ಗೆಳೆಯ. ಅಲ್ಲಿ ಒಳ್ಳೊಳ್ಳೆಯ ವಿಸ್ಕಿಗಳನ್ನು ಆನ್‌ಲೈನಿನಲ್ಲಿ ಮಾರಲು ಲೈಸೆನ್ಸ್ ತೆಗೆದುಕೊಂಡು, ಇದ್ದ ನೌಕರಿ ಬಿಟ್ಟಿದ್ದ.

“ಸರಕು ನಂದು, ಲೈಸೆನ್ಸು ನಂದು, ಮಾರೋದು ಈ ದೇಶದವರಿಗೆ ಮಾತ್ರ ಕಣೋ. ನೀನು ವೆಬ್‌ಸೈಟ್ ಮಾಡು. ಒಂದೊಂದು ಬಾಟ್ಲಿ ಬಗ್ಗೆ ನಾಲ್ಕು ನಾಲ್ಕು ಸಾಲು ಬರಿ. ಕಪ್ ಮುಗಿದ ಮೇಲೆ ನೀನೂ ಪಾಲುದಾರ.”

ಇಲ್ಲಿ ಒಂದು ತಿದ್ದುಪಡಿ. ಸುಮಾ ಹೇಳುವ ಪ್ರಕಾರ ಶಶಿ ಫೋನು ಮಾಡಿರಲಿಲ್ಲ. ನಾನೇ ಮಾಡಿದ್ದೆ, ಎರಡು ಸಲ. ಪಾಲುದಾರಿಕೆಯ ಮಾತನ್ನು ಎತ್ತಿದವನೂ ನಾನೇ. ನನ್ನ ನೆನಪಿನಲ್ಲಿ ಅವನು ಬೇಡಿಕೊಳ್ಳುತ್ತಿದ್ದಾನೆ. ನೆನಪುಗಳಿಗೂ ಒಬ್ಬ ಡಾಕ್ಯುಮೆಂಟ್ ಕಂಟ್ರೋಲರ್ ಇದ್ದಿದ್ದರೆ ನನ್ನ ಪ್ರತಿಯ ಮೇಲೆ ಎಂದೋ ಮುದ್ರೆ ಬೀಳುತ್ತಿತ್ತು.

ವೆಬ್‌ಸೈಟು ಕಷ್ಟವಾಗಲಿಲ್ಲ. ನಾಲ್ಕು ಸಾಲು ಕಷ್ಟವಾಯಿತು. ಶಶಿ ಪ್ರತಿ ಬಾಟಲಿಗೂ ವಾಸನೆಗಳ ಒಂದು ಪಟ್ಟಿ ಕಳಿಸಿದ್ದ: ಹೊಗೆ, ಕಡಲ ಪಾಚಿ, ಆಸ್ಪತ್ರೆಯ ಔಷಧಿ, ಹಳೆಯ ಚರ್ಮ, ಒಣದ್ರಾಕ್ಷಿ. ಒಂದೇ ಸೀಸೆಯಲ್ಲಿ ಇವೆಲ್ಲ ಹೇಗೆ ಇರುತ್ತವೆ? ಇದ್ದರೂ ಅದನ್ನು ದುಡ್ಡು ಕೊಟ್ಟು ಯಾರು ಕುಡಿಯುತ್ತಾರೆ? ನನಗೆ ನಿಜಕ್ಕೂ ಕುತೂಹಲ ಹುಟ್ಟಿತು. ಅಂದಿನಿಂದ ಮನೆಯಲ್ಲಿ ಕಂಡದ್ದನ್ನೆಲ್ಲ ಮೂಸತೊಡಗಿದೆ. ಬೂಟು ಮೂಸಿದೆ. ಗಾಯಕ್ಕೆ ಹಚ್ಚುವ ಟಿಂಕ್ಚರ್ ಮೂಸಿದೆ. ತೆಂಗಿನ ನಾರಿಗೆ ನೀರು ಚಿಮುಕಿಸಿ ಒಲೆಯ ಮೇಲೆ ಸುಟ್ಟೆ. ಹೊಗೆಯ ಅಲಾರಂ ಕೂಗಿತು. ಸುಮಾ ಒದ್ದೆ ಬಟ್ಟೆ ಹಿಡಿದು ಓಡಿಬಂದಾಗ ನಾನು ಸ್ಟೂಲಿನ ಮೇಲೆ ನಿಂತು ಚಾವಣಿಯ ಹತ್ತಿರದ ಹೊಗೆಯನ್ನು ಮೂಸುತ್ತಿದ್ದೆ.

“ರೀ, ಕುಡಿಯೋ ಗಂಡಸರನ್ನ ನೋಡಿದೀನಿ,” ಎಂದಳು. “ಕುಡೀದೇನೇ ಹೀಗಾಗೋರನ್ನ ಈಗಲೇ ನೋಡ್ತಿರೋದು.”

ಕೊನೆಗೆ ಮೂರನೆಯ ಮಹಡಿಯ ಪಾಟೀಲರ ಬಾಗಿಲು ತಟ್ಟಿದೆ. ವಿಜಯಪುರದ ಕಡೆಯವರು, ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ. ಈ ದೇಶದಲ್ಲಿ ನಮ್ಮಂಥವರು ಮದ್ಯ ಕೊಳ್ಳಬೇಕಾದರೆ ಕಂಪನಿಯಿಂದ ಪತ್ರ ತಂದು ಪರ್ಮಿಟ್ ಮಾಡಿಸಬೇಕು. ಕೊಂಡದ್ದನ್ನು ನೇರ ಮನೆಗೆ ಒಯ್ಯಬೇಕು. ಇನ್ನೊಬ್ಬರಿಗೆ ಮಾರುವ ಮಾತೇ ಇಲ್ಲ, ಮಾಡಿದರೆ ಜೈಲು, ಆಮೇಲೆ ವಿಮಾನ. ನಮ್ಮ ಕಟ್ಟಡದಲ್ಲಿ ಪರ್ಮಿಟ್ ಇದ್ದ ಕನ್ನಡಿಗರು ಪಾಟೀಲರೊಬ್ಬರೇ.

“ಕುಡಿಯಾಕ ಬೇಕೇನ್ರಿ?”

“ಇಲ್ಲ, ಬರೀ ಮೂಸೋದಕ್ಕೆ.”

ಪಾಟೀಲರು ನನ್ನನ್ನು ಒಳಗೆ ಕರೆದು ಕೂರಿಸಿದರು. “ಮನ್ಯಾಗ ಏನರ ತ್ರಾಸ್ ಐತೇನ್ರಿ ಸರ?”

ನಾನು ವಿಷಯ ವಿವರಿಸಿದೆ. ಅವರು ಒಂದು ಬಾಟಲಿ ತಂದು ಮುಚ್ಚಳ ತೆಗೆದು ಹಿಡಿದರು. ಕಣ್ಣುಮುಚ್ಚಿ ಆಳವಾಗಿ ಉಸಿರೆಳೆದೆ. ಮೂಗಿನೊಳಗೆ ಬೆಂಕಿ ಹೊಕ್ಕು ಕಿವಿಯಿಂದ ಹೊರಟಂತಾಯಿತು.

“ಏನ್ ವಾಸನಿ ಬಂತ್ರಿ?”

“ಚುನಾವಣೆ,” ಎಂದೆ. ಅದು ನಿಜ. ನಮ್ಮ ಬೀದಿಯಲ್ಲಿ ಮತದಾನದ ಹಿಂದಿನ ದಿನ ಇದೇ ವಾಸನೆ ಬರುತ್ತಿತ್ತು.

ಅದನ್ನು ಅಂಗಡಿಯಲ್ಲಿ ಬರೆಯುವಂತಿರಲಿಲ್ಲ. ಹಾಗಾಗಿ ನನಗೆ ಗೊತ್ತಿದ್ದ ವಾಸನೆಗಳಲ್ಲೇ ಬರೆದೆ. ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳಿದರೆ ಸ್ವಲ್ಪವಾದರೂ ಮರ್ಯಾದೆ ಉಳಿಯುತ್ತದೆ: ‘ಸೌದೆ ಒಲೆಯ ಮೇಲೆ ತಳ ಹತ್ತಿದ ಹುರುಳಿ ಸಾರನ್ನು ನೆನಪಿಸುವ ಗಂಭೀರ ಪಾನೀಯ.’ ‘ಮೊದಲ ಗುಟುಕಿಗೆ ಒಣದ್ರಾಕ್ಷಿ, ಎರಡನೆಯದಕ್ಕೆ ಓಮ, ಕೊನೆಗೆ ಶೀತವಾದಾಗ ಅಜ್ಜಿ ಎದೆಗೆ ಹಚ್ಚಿದ ಎಣ್ಣೆ.’ ‘ಅಜ್ಜನ ಬೀರುವನ್ನು ಹದಿನೆಂಟು ವರ್ಷಗಳ ನಂತರ ತೆರೆದರೆ ಬರುವ ಸುವಾಸನೆ. ಬಟ್ಟೆಗಳೂ ಒಳಗಿವೆ.’

ಇಪ್ಪತ್ತೆರಡು ಬಾಟಲಿಗಳಿಗೆ ಇಪ್ಪತ್ತೆರಡು ವರ್ಣನೆ. ಶಶಿಗೆ ಕಳಿಸಿದೆ. ಅವನು ಒಂದು ದಿನ ಬಿಟ್ಟು ಉತ್ತರಿಸಿದ: “ತುಂಬಾ ಬೇರೆ ಥರ ಇದೆ.” ಅದನ್ನು ನಾನು ಮೆಚ್ಚುಗೆ ಎಂದು ದಾಖಲಿಸಿಕೊಂಡೆ.

ಮುಖಪುಟಕ್ಕೊಂದು ಫೋಟೋ ಬೇಕಿತ್ತು. ಪಾಟೀಲರು ಖಾಲಿ ಬಾಟಲಿ ಕೊಟ್ಟರು. ಅದಕ್ಕೆ ಸುಲೈಮಾನಿ ಎಂದು ಇಲ್ಲಿ ಕರೆಯುವ ಹಾಲಿಲ್ಲದ ಚಹಾ ತುಂಬಿಸಿ, ಕಿಟಕಿಯ ಸಂಜೆ ಬಿಸಿಲಿಗೆ ಹಿಡಿದು ಫೋಟೋ ತೆಗೆದೆ. ಬಂಗಾರದ ಬಣ್ಣ. ಒಂದು ಏಲಕ್ಕಿ ಸಿಪ್ಪೆ ತೇಲುತ್ತಿತ್ತು. ಅದೂ ಕಲಾತ್ಮಕವಾಗಿಯೇ ಕಂಡಿತು.

ಅಂಗಡಿ ತೆರೆದು ಒಂದು ವಾರವಾಯಿತು, ಪರೀಕ್ಷೆ ಮಾತ್ರ ಉಳಿದಿತ್ತು. ಅಂಗಡಿಗೆ ಹಲವರು ಒಟ್ಟಿಗೆ ನುಗ್ಗಿದರೆ ತಡೆದುಕೊಳ್ಳುತ್ತದೆಯೇ ನೋಡಬೇಕಿತ್ತು. ನಾನು ನಮ್ಮ ಬಡಾವಣೆಯ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಕೊಂಡಿ ಹಾಕಿ ಬರೆದೆ: ‘ಆತ್ಮೀಯರೇ, ನನ್ನ ಹೊಸ ಪ್ರಯತ್ನ. ದಯವಿಟ್ಟು ಒಮ್ಮೆ ಒಳಹೊಕ್ಕು ಆರ್ಡರ್ ಒತ್ತಿ ನೋಡಿ.’ ಬುಧವಾರ ಮಧ್ಯಾಹ್ನ, ಆಫೀಸಿನಿಂದಲೇ.

ಆ ಗುಂಪಿನ ರೀತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಯಾರಾದರೂ ಮನೆಯಲ್ಲಿ ಹೋಳಿಗೆಯೋ ಚಟ್ನಿಪುಡಿಯೋ ಮಾಡಿ ಕೊಡುವುದಿದ್ದರೆ ಅಲ್ಲಿ ತಿಳಿಸುತ್ತಾರೆ. ಬೇಕಾದವರು ಆ ಸಂದೇಶವನ್ನು ನಕಲು ಮಾಡಿ, ಕೆಳಗೆ ತಮ್ಮ ಹೆಸರು, ಎಷ್ಟು ಬೇಕೆಂಬ ಸಂಖ್ಯೆ ಸೇರಿಸಿ ಮತ್ತೆ ಹಾಕುತ್ತಾರೆ. ಪಟ್ಟಿ ಹೀಗೆ ಬೆಳೆಯುತ್ತದೆ. ಹಿಂದಿನ ವಾರ ಸುಮಾ ಹೋಳಿಗೆ ಮಾಡಿದ್ದಳು. ಯಾರೋ ಉತ್ಸಾಹಿಗಳು ಅವಳ ಹಳೆಯ ಸಂದೇಶವನ್ನೇ ತೆಗೆದು ‘ಹೋಳಿಗೆ’ ಎಂದಿದ್ದಲ್ಲಿ ‘ವಿಸ್ಕಿ’ ಎಂದು ಬದಲಿಸಿದರು. ಉಳಿದದ್ದನ್ನು ಮುಟ್ಟಲಿಲ್ಲ.

ನಾನು ಮೀಟಿಂಗ್ ಮುಗಿಸಿ ಫೋನು ನೋಡುವಷ್ಟರಲ್ಲಿ ಪಟ್ಟಿ ಹೀಗಿತ್ತು:

‘ಸುಮಾ ಮೇಡಂ ಮನೆಯಲ್ಲೇ ಮಾಡಿದ ಶುಚಿರುಚಿಯಾದ ವಿಸ್ಕಿ. ಗುರುವಾರ ಸಂಜೆ ಐದಕ್ಕೆ, ಫ್ಲಾಟ್ ಹನ್ನೊಂದು. ಮಕ್ಕಳಿಗೂ ಇಷ್ಟವಾಗುತ್ತದೆ. ಡಬ್ಬಿ ನೀವೇ ತನ್ನಿ.’

ಕೆಳಗೆ ಮೂವತ್ತನಾಲ್ಕು ಹೆಸರು. ಒಬ್ಬರು ‘ತುಪ್ಪ ಬೇರೆಯಾಗಿ ಕೊಡಿ’ ಎಂದೂ ಸೇರಿಸಿದ್ದರು. ಅಷ್ಟರಲ್ಲಿ ಅದು ಊರಿನ ಇನ್ನೊಂದು ಬಡಾವಣೆಯಾದ ಮುಐದರ್‌ನ ಗುಂಪಿಗೂ ಹಾರಿತ್ತು.

ನನ್ನ ಸಂದೇಶವನ್ನು ಅಳಿಸಿದೆ. ಪಟ್ಟಿ ನನ್ನದಲ್ಲ, ಅಳಿಯಲಿಲ್ಲ. ‘ಇದು ತಪ್ಪು ತಿಳಿವಳಿಕೆ’ ಎಂದು ಬರೆದೆ. ಅದಕ್ಕೆ ಹದಿನಾರು ಮಂದಿ ಹೆಬ್ಬೆರಳು ಎತ್ತಿದರು. ಪಟ್ಟಿಯಲ್ಲಿ ಇನ್ನೆರಡು ಹೆಸರು ಸೇರಿದವು.

ಸುಮಾ ಫೋನಿನಲ್ಲಿ ದನಿ ಏರಿಸದೆ ಕೇಳಿದಳು: “ನನ್ನ ಹೆಸರಲ್ಲಿ ಹೆಂಡ ಮಾರ್ತಿದ್ದೀರಾ?”

“ಹೆಂಡ ಅಲ್ಲ ಸುಮಾ, ಅದು ಸಿಂಗಲ್ ಮಾಲ್ಟ್.”

ಅವಳು ಫೋನಿಟ್ಟಳು.

ಗುರುವಾರ ಐದಕ್ಕೆ ಬಾಗಿಲ ಗಂಟೆ ಸದ್ದಾಯಿತು. ನನ್ನ ನೆನಪಿನಲ್ಲಿ ಮೆಟ್ಟಿಲ ತನಕ ಸಾಲು ನಿಂತಿದೆ. ಸುಮಾಳ ಲೆಕ್ಕದಲ್ಲಿ ಬಂದವರು ಐದೇ ಜನ. ಪಾಟೀಲರು ಇನ್ನೂ ಒಂದು ಪ್ರತಿ ಕೊಡುತ್ತಾರೆ, ಅದರಲ್ಲಿ ನಾನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡಿದ್ದೆ. ಸ್ಟೀಲ್ ಡಬ್ಬಿಗಳಿದ್ದದ್ದಂತೂ ಮೂರೂ ಪ್ರತಿಗಳಲ್ಲಿ ಇದೆ. ಒಬ್ಬ ಹಿರಿಯರು ಮೂರು ಲೀಟರಿನ ಹಾಲಿನ ಕ್ಯಾನು ತಂದಿದ್ದರು.

“ಏನು ಅಂತ ಗೊತ್ತಾ ಸರ್ ನಿಮಗೆ?” ಎಂದು ಕೇಳಿದೆ.

“ಗೊತ್ತಿಲ್ಲಪ್ಪ. ಸುಮಾ ಮೇಡಂ ಲಿಸ್ಟ್ ಅಂತ ಬಂತು, ಹೆಸರು ಹಾಕ್ದೆ. ಅವರ ಕೈ ಅಡುಗೆ ಯಾವತ್ತೂ ಕೆಟ್ಟಿಲ್ಲ.”

ಸುಮಾ ಎಲ್ಲರಿಗೂ ಉಪ್ಪಿಟ್ಟು ತುಂಬಿ ಕಳಿಸಿದಳು. ಪಾಟೀಲರು ಮಾತ್ರ ಡಬ್ಬಿಯ ಮುಚ್ಚಳ ತೆಗೆದು, ಕಣ್ಣುಮುಚ್ಚಿ, ಆಳವಾಗಿ ಮೂಸಿ, “ಹದಿನೆಂಟು ವರ್ಷದ್ದು ಐತ್ರಿ,” ಎಂದು ಹೋದರು.

ಶುಕ್ರ, ಶನಿ ರಜೆ. ಎರಡು ದಿನವೂ ಕಟ್ಟಡದ ಮುಂದೆ ನಿಂತ ಪ್ರತಿ ಬಿಳಿ ಕಾರನ್ನೂ ಪೊಲೀಸರದೆಂದೇ ಎಣಿಸಿದೆ. ಈ ಊರಲ್ಲಿ ಎಲ್ಲ ಕಾರೂ ಬಿಳಿ.

ಭಾನುವಾರ ಬೆಳಿಗ್ಗೆ ಆಫೀಸಿನಲ್ಲಿ ನನ್ನ ಮೇಜಿನ ಫೋನು ಬಡಿದುಕೊಂಡಿತು. ಎಚ್‌ಆರ್‌ನ ನಾದಿಯಾ ಮೇಡಂ, ಸುಡಾನಿನವರು, ನಿಧಾನದ ಮಾತು. “ಒಂದು ನಿಮಿಷ ಬರುತ್ತೀಯಾ?”

ಹೋದೆ. ಮೇಜಿನ ಮೇಲೆ ನನ್ನ ಫೈಲು ತೆರೆದಿತ್ತು. ಅವರು ಬಾಯಿ ತೆರೆಯುವ ಮೊದಲು ನಾನು ತೆರೆದೆ. ಪ್ರಾಮಾಣಿಕತೆಯೇ ರಕ್ಷಣೆ ಎಂದು ಲಿಫ್ಟಿನಲ್ಲಿ ತೀರ್ಮಾನಿಸಿದ್ದೆ. ಗ್ಲಾಸ್ಗೋ ಹೇಳಿದೆ, ತೆಂಗಿನ ನಾರು ಹೇಳಿದೆ, ಸುಲೈಮಾನಿ ಹೇಳಿದೆ, ಹೋಳಿಗೆ ಎಂದರೇನು ಎಂದು ವಿವರಿಸಿದೆ, ಪಟ್ಟಿಯನ್ನು ಇಂಗ್ಲಿಷಿಗೆ ಅನುವಾದಿಸಿದೆ. ‘ಮಕ್ಕಳಿಗೂ ಇಷ್ಟವಾಗುತ್ತದೆ’ ಎಂಬುದನ್ನು ಬಿಡಬಹುದಿತ್ತು. ಬಿಡಲಿಲ್ಲ.

ನಾದಿಯಾ ಮೇಡಂ ಕನ್ನಡಕ ತೆಗೆದರು. “ನೀನು ಕುಡಿಯುತ್ತೀಯಾ?”

“ಇಲ್ಲ ಮೇಡಂ. ಮುಟ್ಟಿಯೂ ಇಲ್ಲ.”

“ಹಾಗಾದರೆ ಯಾಕೆ?”

“ಕಪ್ ಮುಗಿದ ಮೇಲೆ ಏನು ಮಾಡಲಿ ಮೇಡಂ?” ಎಂದೆ. ಅದೊಂದೇ ನಾನು ಸಿದ್ಧಮಾಡಿಕೊಳ್ಳದೆ ಆಡಿದ ಮಾತು.

ಅವರು ಫೈಲನ್ನು ನನ್ನ ಕಡೆ ತಿರುಗಿಸಿದರು. “ಎಲ್ಲ ನಕ್ಷೆಗಳನ್ನೂ ಸರ್ಕಾರಕ್ಕೆ ಒಪ್ಪಿಸಬೇಕು. ಅದಕ್ಕೆ ನಿನ್ನ ಕೆಲಸ ಕಪ್ ಆದ ಮೇಲೆ ಇನ್ನೊಂದು ವರ್ಷ ಮುಂದುವರಿಯುತ್ತದೆ. ನಿನ್ನ ಪಾಸ್‌ಪೋರ್ಟಿನ ಕಾಪಿ ಮಸುಕಾಗಿದೆ. ಹೊಸದು ಕೇಳಲು ಕರೆದೆ. ಅಷ್ಟೇ.”

ನಾನು ಪಾಸ್‌ಪೋರ್ಟಿಗೆಂದು ಜೇಬು ತಡಕಾಡಿದೆ.

“ಆದರೆ ಈಗ ನಾನು ಇದನ್ನೆಲ್ಲ ಕೇಳಿಬಿಟ್ಟಿದ್ದೇನೆ,” ಎಂದರು. “ಇಂದು ನಾಲ್ಕು ಗಂಟೆಯೊಳಗೆ ಆ ಅಂಗಡಿಯಲ್ಲಿ ನಿನ್ನದು ಏನೂ ಇರಬಾರದು. ಫೋಟೋ, ನಂಬರು, ಒಂದು ಶಬ್ದ ಕೂಡ. ತೋರಿಸು, ಆಮೇಲೆ ಒಪ್ಪಂದಕ್ಕೆ ಸಹಿ. ಇಲ್ಲದಿದ್ದರೆ ನಾನು ಮೇಲಿನವರಿಗೆ ಹೇಳಲೇಬೇಕಾಗುತ್ತದೆ. ಯಲ್ಲಾ, ಹೊರಡು.”

ಮೆಟ್ಟಿಲ ಬಳಿ ನಿಂತು ಶಶಿಗೆ ಫೋನು ಹಚ್ಚಿದೆ. ನೌಕರಿ ಬಿಟ್ಟು ನನ್ನನ್ನು ನಂಬಿದ ಗೆಳೆಯ.

“ಶಶಿ, ನಾನು ಹಿಂದೆ ಸರೀಬೇಕಾಗಿದೆ ಕಣೋ. ನಾನು ಮಾಡಿದ್ದನ್ನೆಲ್ಲ ಇವತ್ತೇ ತೆಗೀಬೇಕು.”

ಅವನು ಬಹಳ ಎಚ್ಚರದ ದನಿಯಲ್ಲಿ ಕೇಳಿದ: “ಆ ವರ್ಣನೆಗಳನ್ನೂ?”

“ಅವನ್ನೂ.”

“ಇಪ್ಪತ್ತೆರಡೂ?”

“ಒಂದಕ್ಷರಾನೂ ಬಿಡೋ ಹಾಗಿಲ್ಲ.”

“ಅಯ್ಯೋ ಪಾಪ,” ಎಂದ. ಅವನ ದನಿಯಲ್ಲಿ ಆಗಷ್ಟೇ ಹಲ್ಲುನೋವು ನಿಂತವನ ನೆಮ್ಮದಿಯಿತ್ತು. “ನೀನೇನೂ ಬೇಜಾರು ಮಾಡ್ಕೋಬೇಡ. ನಾಲ್ಕು ಗಂಟೆ ತನಕ ಯಾಕೆ ಕಾಯ್ತೀಯ, ಈಗಲೇ ತೆಗಿ.”

ನಿಧಾನವಾಗಿ ಅವನ ಬಾಯಿ ಬಿಡಿಸಿದೆ. ಅಂಗಡಿ ತೆರೆದು ಹನ್ನೊಂದು ದಿನವಾಗಿತ್ತು. ಒಂದು ಬಾಟಲಿಯೂ ಹೋಗಿರಲಿಲ್ಲ. ಬಂದಿದ್ದು ಮೂರು ವಿಚಾರಣೆ. ಇಬ್ಬರು ಇದನ್ನು ಕುಡಿಯಬೇಕೋ ಹಚ್ಚಿಕೊಳ್ಳಬೇಕೋ ಎಂದು ಕೇಳಿದ್ದರು. ಒಬ್ಬರು ಅಜ್ಜನ ಬೀರುವಿಗೆ ಬೆಲೆ ಕೇಳಿದ್ದರು.

“ಮೊದಲೇ ಯಾಕೋ ಹೇಳಲಿಲ್ಲ?”

“ನೀನು ಅಷ್ಟು ಆಸೆಯಿಂದ ಬರೆದಿದ್ದೆ. ಹೆಂಗೆ ಹೇಳೋದು?”

ಮೂರೂವರೆಗೆ ಎಲ್ಲ ಅಳಿಸಿ ನಾದಿಯಾ ಮೇಡಂಗೆ ತೋರಿಸಿದೆ. ಪಾಸ್‌ಪೋರ್ಟಿನ ಸ್ಪಷ್ಟವಾದ ಕಾಪಿಯನ್ನೂ ಕೊಟ್ಟೆ. ಸಹಿಯಾಯಿತು. ಮನೆಗೆ ಬಂದು ಸುಮಾಳಿಗೆ ಹೇಳಿದೆ. ಅವಳು ಕುರ್ಚಿಯಲ್ಲಿ ಕೂತು, “ಇನ್ನೊಂದು ವರ್ಷ ನಿಜವಾಗ್ಲೂ ಇದೆಯಾ?” ಎಂದು ಎರಡು ಸಲ ಕೇಳಿದಳು. ಅವಳೂ ಇಷ್ಟು ದಿನ ಹೆದರಿದ್ದಳೆಂದು ನನಗೆ ತಿಳಿದದ್ದು ಆಗ.

ಏಳು ಗಂಟೆಗೆ ಶಶಿಯ ಸಂದೇಶ ಬಂತು. ಮೊದಲ ಆರ್ಡರು. ಒಂಬತ್ತಕ್ಕೆ ಎರಡನೆಯದು. ನಾನು ಅಂಗಡಿಯ ಪುಟ ತೆರೆದು ನೋಡಿದೆ. ಬಾಟಲಿಯ ಹೆಸರು, ವಯಸ್ಸು, ಬೆಲೆ. ನನ್ನ ನಾಲ್ಕು ಸಾಲುಗಳಿದ್ದ ಜಾಗ ಖಾಲಿ. ಶಶಿ ಇವತ್ತಿನವರೆಗೂ ಅಲ್ಲಿ ಬೇರೇನನ್ನೂ ಬರೆಸಿಲ್ಲ. ವ್ಯಾಪಾರ ಚೆನ್ನಾಗಿದೆಯಂತೆ, ಇನ್ನೂ ಒಂದು ಅಂಗಡಿ ತೆರೆಯುತ್ತಾನಂತೆ. ನನಗೆ ಏನಾದರೂ ಕೆಲಸವಿದೆಯೇ ಎಂದು ಕೇಳಿದ್ದಕ್ಕೆ, “ನೀನು ಸುಮ್ಮನಿದ್ದರೆ ಸಾಕು ಕಣೋ, ಅದೇ ದೊಡ್ಡ ಸಹಾಯ,” ಎಂದ. ಅಂದಿನಿಂದ ಸುಮ್ಮನಿದ್ದೇನೆ. ಮಾರಾಟ ಏರುತ್ತಲೇ ಇದೆ.