ನಾಲ್ಕು ದೇಶ ಹೋಲಿಸಿದ ಮೇಷ್ಟ್ರು

ಯಾರೂ ಕೇಳದ ವಿಷಯ ಓದಿಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ಎಂಬತ್ತರ ದಶಕದಲ್ಲಿ ನಾನು ಸಾಗರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೆ. ರಫ್ತಿನ ಕಾರ್ಖಾನೆಗಳಿಗೆಂದು ಬೇಲಿ ಹಾಕಿ, ಒಳಗೆ ಸುಂಕ ಮಾಫಿ ಮಾಡಿದ ವಲಯಗಳಿರುತ್ತವಲ್ಲ, ತೈವಾನ್, ಕೊರಿಯಾ, ಚೀನಾ ಮತ್ತು ನಮ್ಮ ದೇಶದ ಅಂಥ ವಲಯಗಳ ಹೋಲಿಕೆ ನನ್ನ ವಿಷಯ.

ಟೈಪ್ ಮಾಡಿದವರು

ಪ್ರಬಂಧ ಟೈಪ್ ಮಾಡುತ್ತಿದ್ದವರು ಪೇಟೆಯ ಒಬ್ಬ ಹೆಂಗಸು. ಕೊರಿಯಾದ ಅಧ್ಯಾಯಕ್ಕೆ ಬಂದಾಗ ಕೈ ನಿಲ್ಲಿಸಿದರು.

"ಸಾರ್, ಈ ಹುಡುಗೀರು ಹಾಸ್ಟೆಲ್‌ನಲ್ಲಿದ್ದು ಕಾರ್ಖಾನೆಗೆ ಹೋಗ್ತಾರೆ ಅಂತ ಬರ್ದಿದ್ದೀರಿ. ಮನೆಗೆ ಯಾವಾಗ ಹೋಗ್ತಾರೆ?"

"ಅದು ಅಂಕಿಅಂಶದಲ್ಲಿ ಬರಲ್ಲಮ್ಮ" ಎಂದೆ.

ಅಧ್ಯಾಯ ನನ್ನ ಗೈಡ್ ಹತ್ತಿರ ಹೋಗಿ ವಾಪಸ್ ಬಂದಾಗ ನೋಡಿದರೆ, ಆಕೆ ಆ ಪ್ರಶ್ನೆಯನ್ನೂ ಇಂಗ್ಲಿಷಿನಲ್ಲಿ ಕೊನೆಗೆ ಸೇರಿಸಿಬಿಟ್ಟಿದ್ದರು. ಪಕ್ಕದಲ್ಲಿ ಗೈಡ್ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಒಳ್ಳೆಯ ಪ್ರಶ್ನೆ. ಅಧ್ಯಾಯದಲ್ಲಿ ಇದೊಂದೇ.'

ಎಮ್ಮೆಯ ಪ್ರಶ್ನೆ

ತೀರ್ಥಹಳ್ಳಿಯಲ್ಲಿ ರೈತರ ಸಭೆಗೆ ಕರೆದರು. ಬೇಲಿಯೊಳಗಿನ ಜಾಗ ಕಾನೂನಿನ ಪ್ರಕಾರ ಪರದೇಶವಿದ್ದಂತೆ, ಅಲ್ಲಿ ತಯಾರಾಗಿ ಹೊರಗೆ ಬಂದಿದ್ದಕ್ಕೆಲ್ಲ ಆಮದು ಸುಂಕ ಎಂದು ವಿವರಿಸಿದೆ. ಕೋಣಂದೂರಿನ ಗೌಡರೊಬ್ಬರು ಎದ್ದರು.

"ನಮ್ಮನೆ ಎಮ್ಮೆ ಬೇಲಿ ಹಾರ್ತದೆ. ಒಳಗೆ ಹೋಗಿ ಕರು ಹಾಕಿದ್ರೆ?"

ನಾನು ತುಂಬ ಯೋಚಿಸಿ, "ಎಮ್ಮೆಗೆ ಏನಿಲ್ಲ. ಕರುವಿಗೆ ಸುಂಕ ಕೊಡಬೇಕಾಗಬಹುದು" ಎಂದೆ.

ಗೌಡರು ಕೂತು ಪಕ್ಕದವರಿಗೆ ಹೇಳಿದರು, "ಕೊಡಾಣ ಬಿಡು. ಫಾರಿನ್ ಕರು ಅಲ್ವಾ."

ಹೆಣ್ಣು ನೋಡಿದ್ದು

ಪ್ರಬಂಧ ಮುಗಿಯಲಿ ಎನ್ನುತ್ತಲೇ ಏಳು ವರ್ಷ ಕಳೆದು ನನಗೆ ಮೂವತ್ತನಾಲ್ಕಾಗಿತ್ತು. ನಿಟ್ಟೂರಿನಲ್ಲಿ ಒಂದು ಹುಡುಗಿ ಇದೆಯೆಂದು ಅಮ್ಮ ಎಳೆದುಕೊಂಡು ಹೋದರು. ನನ್ನ ಓದಿನ ವಿಷಯ ಕೇಳಿದ ಹುಡುಗಿಯ ಅಜ್ಜಿ, "ನಾಲ್ಕರಲ್ಲಿ ಯಾವ ದೇಶದ್ದು ಒಳ್ಳೇದಪ್ಪ?" ಎಂದರು.

"ಒಂದು ರೀತಿಯಲ್ಲಿ ತೈವಾನ್, ಅಜ್ಜಿ. ಇನ್ನೊಂದು ರೀತಿಯಲ್ಲಿ ಕೊರಿಯಾ. ಚೀನಾದ್ದು ಈಗಷ್ಟೇ ಶುರು, ಹೇಳಕ್ಕಾಗಲ್ಲ. ನಮ್ಮದನ್ನೂ ಪೂರ್ತಿ ತಳ್ಳಿಹಾಕೋ ಹಾಗಿಲ್ಲ..."

ಎದುರಿಗಿದ್ದ ಕಾಫಿ ಆರಿತು. ಅಮ್ಮ ಕಣ್ಣುಮುಚ್ಚಿ ಕೂತಿದ್ದರು. ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ಬಂದು ತಣ್ಣಗಾದ ಲೋಟ ಒಯ್ದು, ಬಿಸಿ ಕಾಫಿ ತಂದಿಟ್ಟು ಹೋದಳು. ಇದೂ ತಪ್ಪಿತು ಎಂದುಕೊಂಡೇ ಬಸ್ಸು ಹತ್ತಿದೆ. ನಾಲ್ಕನೇ ದಿನ ಒಪ್ಪಿಗೆಯ ಕಾಗದ ಬಂತು.

ಮದುವೆಯಾಗಿ ಎಷ್ಟೋ ದಿನದ ಮೇಲೆ, ನನ್ನನ್ನು ಯಾಕೆ ಒಪ್ಪಿದೆ ಎಂದು ಕೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಹೇಳಿದಳು:

"ನಾಲ್ಕು ದೇಶದಲ್ಲಿ ಒಂದನ್ನ ಆರಿಸೋಕೆ ನಿಮಗೆ ಏಳು ವರ್ಷ ಸಾಲಲಿಲ್ಲ. ಇನ್ನೂ ನಾಲ್ಕು ಹುಡುಗೀರನ್ನ ತೋರ್ಸಿದ್ರೆ ನಿಮ್ಮ ಗತಿ ಏನು ಅಂತ ಪಾಪ ಅನ್ನಿಸ್ತು."