ಮಾವ ದಾಟಿಸಿದ ಮಾತು

ಚೀನಾದವರಿಗೂ ಅರಬರಿಗೂ ಇಷ್ಟೊಂದು ಸ್ನೇಹ ಇರುವುದಕ್ಕೆ ಹೊಸನಗರದ ನನ್ನ ಸೋದರಮಾವನೇ ಕಾರಣ ಎಂದರೆ ನೀವು ನಂಬುತ್ತೀರಾ? ಬೇಡ ಬಿಡಿ, ನಮ್ಮತ್ತೆಯೂ ನಂಬುವುದಿಲ್ಲ!

ಮಾವ ಹದಿನೆಂಟು ವರ್ಷ ಕೊಲ್ಲಿ ದೇಶದ ಫರ್ನಿಚರ್ ಅಂಗಡಿಯೊಂದರಲ್ಲಿದ್ದ. ಅರಬ್ಬಿಯನ್ನು ಅಂಗಡಿಯ ಅರಬ್ ಸಾಹುಕಾರರಿಂದಲೂ ಚೀನೀ ಭಾಷೆಯನ್ನು ಪಕ್ಕದ ಅಂಗಡಿಯ ಚೀನೀಯರಿಂದಲೂ ಕಲಿತ. ಚೀನಾದಿಂದ ಸೋಫಾ ಕಳಿಸುತ್ತಿದ್ದ ಹೆಂಗಸಿನೊಡನೆ ಸಾಹುಕಾರರು ಮಾತಾಡಬೇಕಾದರೆ ನಡುವೆ ಮಾವ ಇರಲೇಬೇಕು.

"ಇದೇನು ಸೋಫಾನೋ ಒಂಟೆ ಬೆನ್ನೋ?" ಎಂದು ಸಾಹುಕಾರರು ಗುಡುಗಿದರೆ, "ನಿಮ್ಮ ಸೋಫಾ ನೋಡಿ ಯಜಮಾನ್ರಿಗೆ ಹುಟ್ಟೂರು ನೆನಪಾಯ್ತಂತೆ" ಎನ್ನುತ್ತಿದ್ದ ಮಾವ. ಆಕೆ, "ಆ ಮುದುಕನಿಗೆ ಕೂರೋಕೆ ಬಂದರೆ ತಾನೆ!" ಎಂದರೆ, "ನೀವು ಕೂತವರೇ ಅಲ್ಲ, ಭಾರೀ ದುಡಿಮೆಗಾರರು ಅಂತಿದ್ದಾರೆ" ಎಂದು ಇತ್ತ ದಾಟಿಸುತ್ತಿದ್ದ.

"ಸುಳ್ಳಲ್ವಾ ಮಾವ?" ಎಂದೆ.

"ಎಂತ ಸುಳ್ಳಾ ಮಾರಾಯ? ಸಿಟ್ಟು ಇಳಿದ್ಮೇಲೆ ಅವ್ರೇ ಹೇಳೋದನ್ನ ನಾ ಸ್ವಲ್ಪ ಮುಂಚೆ ಹೇಳಿದ್ದು, ಅಷ್ಟೇ!"

ಪರಿಣಾಮ? ಸಾಹುಕಾರರ ಮಗಳು ಡಾಕ್ಟರಿ ಓದಲು ಚೀನಾಕ್ಕೆ ಹೋದಾಗ ಉಳಿದದ್ದು ಆ ಹೆಂಗಸಿನ ಮನೆಯಲ್ಲೇ! ಮಾವ ಊರಿಗೆ ಬಂದಮೇಲೂ ಇಬ್ಬರೂ ಫೋನಿನಲ್ಲಿ ಅವನನ್ನು ನಡುವೆ ಕೂರಿಸಿಕೊಂಡೇ ಹಬ್ಬದ ಶುಭಾಶಯ ಹೇಳುತ್ತಾರೆ. ಈಗ ಮೊಬೈಲೇ ಅನುವಾದ ಮಾಡುತ್ತದಲ್ಲ ಎನ್ನುತ್ತೀರಾ? ಅದರದ್ದು ಅದೇ ತೊಂದರೆ, ಹೇಳಿದ್ದನ್ನು ಹೇಳಿದ ಹಾಗೇ ಹೇಳಿಬಿಡುತ್ತದೆ!

ಕಳೆದ ವರ್ಷ ನಾವಿಬ್ಬರೂ ಸಾಗರದಿಂದ ತೀರ್ಥಹಳ್ಳಿಗೆ ಹೊರಟಿದ್ದೆವು. ಬಸ್ಸು ಹೊಸನಗರದಲ್ಲಿ ನಿಂತಾಗ ಮಾವನಿಗೆ ಫೋನು ಬಂತು. ಚೀನಾದಲ್ಲಿ ಸಾಹುಕಾರರ ಮಗಳಿಗೆ ಅಪೆಂಡಿಕ್ಸ್ ಒಡೆದು, ಆಪರೇಷನ್ ನಡೆಯುತ್ತಿತ್ತು. ಆಸ್ಪತ್ರೆಯಿಂದ ಆ ಹೆಂಗಸು, ಕೊಲ್ಲಿಯಿಂದ ಸಾಹುಕಾರರು, ಇಬ್ಬರೂ ಲೈನಿನಲ್ಲಿ. ಮಾವ ಸರಕ್ಕನೆ ಕೆಳಗಿಳಿದ.

"ಹತ್ರೀ, ಲೇಟಾಯ್ತು" ಎಂದರು ಕಂಡಕ್ಟರ್.

"ಮುಂದೆ ಸಿಗ್ನಲ್ ಸಿಗಲ್ಲ. ನೀವ್ ಹೋಗಿ, ನಾ ಬರಲ್ಲ."

ವಿಷಯ ತಿಳಿದ ಮೇಲೆ ಯಾರಿಗೆ ಹೋಗಲು ಮನಸ್ಸು ಬಂದೀತು? ಕಿಟಕಿಗೊಂದು ತಲೆಯಂತೆ ಇಡೀ ಬಸ್ಸು ಕಿವಿಗೊಟ್ಟಿತು. ಮಾವ ಚೀನೀ ಭಾಷೆಯಿಂದ ಅರಬ್ಬಿಗೆ, ಅರಬ್ಬಿಯಿಂದ ಚೀನೀ ಭಾಷೆಗೆ, ನಡುವೆ ನಮಗಾಗಿ ಕನ್ನಡಕ್ಕೆ! ಅಂದು ಮಾತ್ರ ಏನನ್ನೂ ಸಿಹಿ ಮಾಡಲಿಲ್ಲ.

ಅರ್ಧ ಗಂಟೆಯಾದ ಮೇಲೆ ಅತ್ತಲಿಂದ ಏನೋ ಕೂಗು. ಮಾವ ಖುಷಿಯ ಭರದಲ್ಲಿ ಸಾಹುಕಾರರಿಗೆ ಕನ್ನಡದಲ್ಲೇ ಕಿರುಚಿದ: "ಕಣ್ ಬಿಟ್ಲಂತೆ! ನೀರು ಕೇಳಿದ್ಲಂತೆ! ಏನೂ ಭಯ ಇಲ್ವಂತೆ!"

ಬಸ್ಸು ಚಪ್ಪಾಳೆ ತಟ್ಟಿತು. ನನಗೂ ಆಗಲೇ ಉಸಿರು ಬಂದದ್ದು. ಮಾವ ನಾಲಿಗೆ ಕಚ್ಚಿಕೊಂಡು ಅದನ್ನೇ ಅರಬ್ಬಿಯಲ್ಲಿ ಹೇಳಿದ. ಆಮೇಲೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಯಾರೂ ಮಾತಾಡ್ತಿಲ್ವಲ್ಲ ಮಾರಾಯ್ರೇ, ಇಟ್ಬಿಡಿ. ಹೋಗಣ" ಎಂದರು ಕಂಡಕ್ಟರ್.

ಮಾವ ಟವೆಲಿನಿಂದ ಕಣ್ಣೊರೆಸಿಕೊಂಡ. "ಇಬ್ರೂ ಅಳ್ತಾ ಇದಾರೆ. ನಾ ದಾಟಿಸೋದು ಎಂತದೂ ಇಲ್ಲ... ಆದ್ರೂ ಹ್ಯಾಗೆ ಇಡ್ಲಿ?"

ಕಂಡಕ್ಟರ್ ಸೀಟಿಯನ್ನು ಜೇಬಿಗಿಳಿಸಿ, ಅವನ ಪಕ್ಕದಲ್ಲಿ ನಿಂತರು.