ಮೀನು ಕಾಣುವ ಕನ್ನಡಕ

ಬಾಟಲಿ ಮಾಮ ಎಂದರೆ ಕುಡುಕನಲ್ಲ, ಪಾಪ. ಔಷಧಿ ಕಾರ್ಖಾನೆಯಲ್ಲಿ ಬಿಳಿ ದೀಪದ ಮುಂದೆ ಸಾಲಾಗಿ ಹೋಗುವ ಬಾಟಲಿಗಳಲ್ಲಿ ಕಸ, ಬಿರುಕು ಇದೆಯೇ ಎಂದು ನೋಡುವುದು ಅವನ ಕೆಲಸ. ಆ ದೀಪದಿಂದ ತಪ್ಪಿಸಿಕೊಂಡು ಉಗ್ರಾಣದ ಕುರ್ಚಿ ಹಿಡಿಯಬೇಕೆಂದು ಬಹಳ ದಿನದಿಂದ ಒದ್ದಾಡುತ್ತಿದ್ದ. ಅವತ್ತು ಬೆಳಿಗ್ಗೆ ಮ್ಯಾನೇಜರರ ಮುಂದೆ ನಿಂತು, "ಸಾರ್, ಕಣ್ಣು ಪೂರ್ತಿ ಮಂಜು. ಎದುರಿಗಿರೋರ ಮುಖಾನೇ ಕಾಣಲ್ಲ" ಎಂದು ಉಜ್ಜಿ ಉಜ್ಜಿ ಕಣ್ಣು ಕೆಂಪು ಮಾಡಿಕೊಂಡು ರಜೆ ಗಿಟ್ಟಿಸಿದ.

ರಜೆ ಸಿಕ್ಕಿದ್ದೇ ತಡ, ಗಾಳ ಹಿಡಿದು ಹೊರಟ. ದಾರಿಯಲ್ಲಿ ಕನ್ನಡಕದಂಗಡಿಯ ಭಾವಮೈದ ಅವನ ಮೂಗಿನ ಮೇಲೆ ಹೊಸ ಕಪ್ಪು ಕನ್ನಡಕ ಏರಿಸಿದ.

"ಇದು ಪೋಲರೈಸ್ಡ್, ಭಾವ. ನೀರಿನ ಮೇಲಿನ ಝಗಝಗ ತಡೆಯುತ್ತೆ, ಒಳಗಿರೋ ಮೀನೂ ಕಾಣುತ್ತೆ. ಆದ್ರೆ ಒಂದು ವಿಷಯ, ಫೋನು..."

"ಆಯ್ತಪ್ಪ, ಕೆರೆ ಹತ್ರ ಹೋಗಿ ಫೋನ್ ಮಾಡ್ತೀನಿ ಬಿಡು!"

ದಂಡೆಯಲ್ಲಿ ನಿಂತು ನೋಡುತ್ತಾನೆ, ನೀರೇ ಇಲ್ಲವೇನೋ ಎನ್ನುವಷ್ಟು ತಿಳಿ! ಕಲ್ಲಿನ ಸಂದಿಯಲ್ಲಿ ಒಂದು ಮೀನು ಊಟ ಮುಗಿಸಿದ ಯಜಮಾನನಂತೆ ಬಾಯಾಡಿಸುತ್ತಿತ್ತು. ಜೊತೆಗೆ ಬಂದಿದ್ದ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್‌ಗೆ ಮಾತ್ರ ಬರೀ ಬಿಸಿಲು ಕಂಡಿತು.

"ಎಲ್ಲೋ ಮೀನು? ಬುರುಡೆ ಬಿಡ್ಬೇಡ."

"ಇರಿ ಅಣ್ಣ, ಫೋಟೋ ತೆಗೆದೇ ತೋರಿಸ್ತೀನಿ."

ಮಾಮ ಫೋನನ್ನು ಅಡ್ಡ ಹಿಡಿದ. ಪರದೆ ಕಾವಲಿಯಂತೆ ಕಪ್ಪು. ಮೀನು ಬೆದರೀತೆಂದು ಫೋನಿನ ರಿಂಗ್ ಸದ್ದನ್ನು ಮೊದಲೇ ಅಡಗಿಸಿದ್ದ. ಒತ್ತಿದ, ಕೊಡವಿದ, ಪರದೆಯ ತುಂಬ ಬೆರಳಾಡಿಸಿದ. ಊಹೂಂ.

"ಸತ್ತೇ ಹೋಯ್ತು. ಒಳ್ಳೇದೇ ಆಯ್ತು ಬಿಡಿ, ಇಲ್ದಿದ್ರೆ ಆ ಮ್ಯಾನೇಜರ್ ರಜೆ ದಿನಾನೂ ತಲೆ ತಿಂತಾನೆ. ಸ್ವಲ್ಪ ಕಣ್ಣು ಉಜ್ಜಿದ್ದಕ್ಕೇ ಬೆಣ್ಣೆ ಥರ ಕರಗಿ ಹೋದ! ನನ್ನ ಕಣ್ಣಿಗೇನಾಗಿದೆ? ಅಲ್ನೋಡಿ, ಕಲ್ಲಿನ ಹಿಂದೆ ಮರಿ ಮೀನು, ಮೀಸೆ ಸಮೇತ ಕಾಣ್ತಿದೆ!"

"ಎಷ್ಟುದ್ದ ಇದೆ ಮೀಸೆ?" ಎಂದಿತು ಫೋನು.

ಪೋಸ್ಟ್‌ಮ್ಯಾನ್ ಬಗ್ಗಿ ನೋಡಿದರು. "ಇದರೊಳಗೆ ಯಾರೋ ಕೂತಿದ್ದಾರಲ್ಲೋ!"

ಮಾಮ ಕನ್ನಡಕ ಕಿತ್ತ. ಕೆರೆ ಮತ್ತೆ ಝಗಝಗ, ಮೀನು ಮಾಯ. ಫೋನಿನ ತುಂಬ ಮ್ಯಾನೇಜರರ ಮುಖ! ಬೆರಳಾಡಿಸುವಾಗಲೇ ಅವರ ವಿಡಿಯೋ ಕರೆ ಬಂದು ತೆರೆದುಕೊಂಡಿತ್ತು. ಅಡ್ಡ ಹಿಡಿದ ಪರದೆಯನ್ನು ಕಪ್ಪಾಗಿಸಿದ್ದು ಕನ್ನಡಕ; ಭಾವಮೈದ ಹೇಳಹೊರಟಿದ್ದೂ ಅದನ್ನೇ.

"ಸಾ... ಸಾರ್, ದೇವರಾಣೆಗೂ ನಿಮ್ಮ ಮುಖ ಕಾಣ್ಲೇ ಇಲ್ಲ!"

"ಬೆಳಿಗ್ಗೇನೂ ಅದನ್ನೇ ಹೇಳಿದೆ. ಪಾಪ, ಕಣ್ಣು ಹಾಳಾಯ್ತಲ್ಲ, ನಾಳೆಯಿಂದ ಉಗ್ರಾಣದಲ್ಲಿ ಕೂತ್ಕೋ ಅನ್ನೋಕೆ ಫೋನ್ ಮಾಡಿದ್ದೆ ಕಣಯ್ಯ. ನೀರೊಳಗಿನ ಮರಿ ಮೀನಿನ ಮೀಸೆ ಕಾಣೋ ಕಣ್ಣು ಉಗ್ರಾಣದಲ್ಲಿದ್ರೆ ದಂಡ. ನಾಳೆಯಿಂದ ಪಕ್ಕದ ಸಾಲಿನ ಬಾಟ್ಲೀನೂ ನೀನೇ ನೋಡು."

ಮಾಮ ಮೆಲ್ಲನೆ ಕನ್ನಡಕವನ್ನು ಮತ್ತೆ ಹಾಕಿಕೊಂಡ. ಮ್ಯಾನೇಜರರ ಮುಖ ಕಪ್ಪಾಗಿ ಮರೆಯಾಯಿತು. ಮಾತು ಮಾತ್ರ ನಿಲ್ಲಲಿಲ್ಲ.